ಬಾದಾಮಿ ಸೀಮೆಯ ತಟ್ಟೆ ಊಟ: ಗುಡಿ ನೋಡಲು ಬಂದವರು ಎಲ್ಲಿ ಉಣ್ಣಬೇಕು?

ಮಧ್ಯಾಹ್ನ 12ರ ಹೊತ್ತು. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ದೇವಿಯ ದರ್ಶನ ಮುಗಿಸಿದವರು ಹರಿದ್ರಾತೀರ್ಥವೆಂಬ ಹೊಂಡದ ದಂಡೆಯ ಕಡೆ ನೆರಳು ಹುಡುಕುತ್ತ ಬರುತ್ತಾರೆ. ಅಲ್ಲಿ ಇಳಕಲ್ಲ ಸೀರೆಯ ಸೆರಗು ತಲೆ ಮೇಲೆ ಹೊದ್ದ ಹೆಂಗಸರು ಬುಟ್ಟಿ ಇಳಿಸಿಕೊಂಡು ಸಾಲಾಗಿ ಕುಳಿತಿರುತ್ತಾರೆ. ‘ಬರ್ರಿ ಅಣ್ಣಾರ, ರೊಟ್ಟಿ ಊಟ ಮಾಡ್ರಿ. ಯಕ್ಕಾ, ಮೊಸರು ಛಲೋ ಐತಿ, ಕುಂದರ್ರಿ’ ಎಂದು ಕರೆಯುತ್ತಾರೆ. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರೆ ಒಳಗೆ ಜೋಳದ ರೊಟ್ಟಿಯ ಒಟ್ಟಿಲು. ಕೈಗೆ ಬಂದ ರೊಟ್ಟಿಯ ಜೊತೆಗೇ ಕಾಳಿನ ಪಲ್ಯ, ಬದನೆಕಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಕೆಂಪು ಖಾರ ಬಂದು ಬೀಳುತ್ತವೆ. ಪಕ್ಕದಲ್ಲಿ ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು.

ಇದೇ ಹೊತ್ತಿಗೆ ಎಷ್ಟೋ ಪ್ರವಾಸಿಗರು ಈ ಸಾಲನ್ನು ದಾಟಿ ಕಾರು ಹತ್ತುತ್ತಾರೆ. ಬಾದಾಮಿಗೆ ಮರಳಿ ದೊಡ್ಡ ಬೋರ್ಡಿನ ಹೋಟೆಲ್ಲಿನಲ್ಲಿ ಕುಳಿತು ತಂದೂರಿ ರೋಟಿ, ಪನ್ನೀರ್ ಮಸಾಲ, ಗೋಬಿ ಮಂಚೂರಿ ತರಿಸಿಕೊಳ್ಳುತ್ತಾರೆ. ಗುಹೆ ನೋಡಿದರು, ಗುಡಿ ನೋಡಿದರು, ಊರಿನ ಊಟ ಮಾತ್ರ ತಪ್ಪಿತು. ಬೆಂಗಳೂರು, ಮೈಸೂರಿನಿಂದ ಬರುವವರಿಗೆ ಉತ್ತರ ಕರ್ನಾಟಕದ ಊಟವೆಂದರೆ ಜೋಳದ ರೊಟ್ಟಿ, ಎಣಗಾಯಿ ಎಂಬುದು ಗೊತ್ತು. ಆದರೆ ಒಳ್ಳೆಯ ರೊಟ್ಟಿ ಎಲ್ಲಿ ಸಿಗುತ್ತದೆ, ಯಾವ ಹೊತ್ತಿಗೆ ಸಿಗುತ್ತದೆ, ಅದು ಯಾವ ಹೊಲದಿಂದ, ಯಾರ ಕೈಯಿಂದ ಬರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ನಾಳೆಯೂ ಬರುವ ಗಿರಾಕಿ

ಪರ ಊರಿನಲ್ಲಿ ಊರಿನವರ ಊಟ ಹುಡುಕುವ ಕಷ್ಟ ಎಲ್ಲ ಕಡೆ ಒಂದೇ. ಮೆಕ್ಸಿಕೊ ದೇಶದ ಕೊಸುಮೆಲ್ ನಡುಗಡ್ಡೆಗೆ ಹವಳದ ದಿಬ್ಬಗಳನ್ನು ನೋಡಲು ಜಗತ್ತಿನ ಎಲ್ಲ ಮೂಲೆಗಳಿಂದ ಡೈವಿಂಗ್ ಪ್ರಿಯರು ಬರುತ್ತಾರೆ. ದೊಡ್ಡ ಪ್ರವಾಸಿ ಹಡಗುಗಳು ನಿಲ್ಲುವ ಕಡಲ ಮುಂಭಾಗದಲ್ಲಿ ಎಲ್ಲ ದೇಶದವರಿಗೂ ಹೊಂದುವ ತಿಂಡಿಗಳೇ ಹೆಚ್ಚು. ಅಲ್ಲಿನವರು ದಿನಾ ಉಣ್ಣುವ ಗೋವಿನಜೋಳದ ಟೋರ್ಟಿಯಾ, ಬೀನ್ಸ್ ಕಾಳು, ಖಾರದ ಚಟ್ನಿ ಬೇಕೆಂದರೆ ಒಳಗಿನ ಬೀದಿಗಳಿಗೆ ನಡೆಯಬೇಕು. ನಮ್ಮ ನೇತ್ರಾಣಿ ನಡುಗಡ್ಡೆಯಲ್ಲಿ ಮುಳುಗಿ ಮೀನು ನೋಡಿ ಬಂದವರು ಮುರುಡೇಶ್ವರದಲ್ಲಿ ಒಳ್ಳೆಯ ಮೀನೂಟ ಎಲ್ಲಿದೆ ಎಂದು ಕೇಳುವುದೂ ಇದೇ ಹಸಿವಿನಿಂದ.

ಇದಕ್ಕೆ ಕಾರಣ ಸರಳ. ಪ್ರವಾಸಿ ತಾಣದ ಬಾಗಿಲಲ್ಲಿರುವ ಹೋಟೆಲ್ಲಿಗೆ ಇವತ್ತು ಬಂದ ಗಿರಾಕಿ ನಾಳೆ ಬರುವುದಿಲ್ಲ. ದಿಲ್ಲಿಯವರಿಗೂ ಚೆನ್ನೈಯವರಿಗೂ ವಿದೇಶಿಯರಿಗೂ ಒಪ್ಪುವಂತೆ ಅಡುಗೆ ಮಾಡಿದರೆ ಅದರ ವ್ಯಾಪಾರ ನಡೆಯುತ್ತದೆ. ಸಂತೆಗೆ ಬರುವ ರೈತ, ಬ್ಯಾಂಕಿನ ಗುಮಾಸ್ತ, ಕಾಲೇಜಿನ ಮೇಷ್ಟ್ರು, ಬಸ್ ಕಂಡಕ್ಟರ್ ಉಣ್ಣುವ ಜಾಗದ ಲೆಕ್ಕವೇ ಬೇರೆ. ರೊಟ್ಟಿ ಒಂದು ದಿನ ಒಣಕಲಾದರೆ, ಪಲ್ಯ ಒಂದು ದಿನ ಹಳಸಿದರೆ, ಮರುದಿನ ಅವರು ಪಕ್ಕದ ಖಾನಾವಳಿಗೆ ಹೋಗುತ್ತಾರೆ. ನಾಳೆಯೂ ಬರುವ ಗಿರಾಕಿ ಎಲ್ಲಿದ್ದಾನೋ ಅಲ್ಲಿ ಊಟ ಚೆನ್ನಾಗಿರುತ್ತದೆ. ಬಾದಾಮಿಯಿಂದ ಇಳಕಲ್ಲಿನವರೆಗೆ ಈ ಒಂದು ಮಾತು ಹಿಡಿದು ಹೊರಟರೆ ಸಾಕು.

ಮೆಕ್ಸಿಕೊದ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದೇ ಯುನೆಸ್ಕೊ 2010ರಲ್ಲಿ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಳೆಯುವ ರೀತಿ, ಬೀಸುವ ಕಲ್ಲು, ಹಬ್ಬದ ಅಡುಗೆ, ಅಡುಗೆ ಮಾಡುವ ಹೆಂಗಸರ ತಿಳಿವಳಿಕೆ, ಎಲ್ಲವನ್ನೂ ಒಟ್ಟಾಗಿ ನೋಡಿ ಕೊಟ್ಟ ಮನ್ನಣೆ ಅದು. ಕಲ್ಲಿನ ಗುಡಿಗೆ ಸಲ್ಲುವ ಗೌರವ ಒಲೆಯ ಮುಂದಿನ ವಿದ್ಯೆಗೂ ಸಲ್ಲಬೇಕು ಎಂಬುದನ್ನು ಜಗತ್ತು ಒಪ್ಪಿದೆ. ಬಾಗಲಕೋಟೆ ಜಿಲ್ಲೆಯಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇವೆ. ನಾವು ಇನ್ನೂ ಒಂದನ್ನೇ ನೋಡಿ ಮರಳುತ್ತಿದ್ದೇವೆ.

ಒಂದೇ ಹೊಲದಿಂದ ಒಂದು ತಟ್ಟೆ

ಈ ಸೀಮೆಯ ಊಟ ಅರ್ಥವಾಗಬೇಕಾದರೆ ಮೊದಲು ಹೊಲ ನೋಡಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ. ಬಾದಾಮಿಯ ಸುತ್ತ ಕೆಂಪು ಮರಳುಗಲ್ಲಿನ ಗುಡ್ಡಗಳಿದ್ದರೆ, ಹುನಗುಂದದ ಕಡೆ ಕಣ್ಣು ಹಾಯುವಷ್ಟು ದೂರ ಎರೆ ಭೂಮಿ. ಕಪ್ಪು ಎರೆ ಮಣ್ಣಿಗೆ ನೀರನ್ನು ಹಿಡಿದಿಡುವ ಗುಣವಿದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿದ್ದ ಮಳೆಯ ಹಸಿಯನ್ನೇ ನಂಬಿ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಮಳೆ ಬರಲಿ ಬಿಡಲಿ, ಮಣ್ಣಿನೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲಿ ಜೋಳ ಎದೆಯುದ್ದ ಬೆಳೆದು ನಿಲ್ಲುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ರಾಶಿ.

ಹುನಗುಂದದ ಒಣಬೇಸಾಯಗಾರರು ಹೊಲದಲ್ಲಿ ಬಿದ್ದ ಮಳೆ ಹೊಲದಲ್ಲೇ ಇಂಗುವಂತೆ ಒಡ್ಡು ಹಾಕುವ ವಿದ್ಯೆಗೆ ಹೆಸರಾದವರು. ಜೋಳದ ಜೊತೆಗೆ ಅಕ್ಕಡಿ ಸಾಲಿನಲ್ಲಿ ಕಡಲೆ, ಕುಸುಬಿ, ಅಗಸಿ ಬಿತ್ತುವುದು ಹಳೆಯ ಪದ್ಧತಿ. ಹೊಲದ ಅಂಚಿಗೆ ಮುಳ್ಳಿನ ಕುಸುಬಿ ಇದ್ದರೆ ದನ ಒಳಗೆ ನುಗ್ಗುವುದಿಲ್ಲ. ಮುಂಗಾರಿನಲ್ಲಿ ಹೆಸರು, ಸಜ್ಜೆ, ಮಡಕೆಕಾಳು ಬಂದಿರುತ್ತವೆ.

ಈಗ ತಟ್ಟೆ ನೋಡಿ. ರೊಟ್ಟಿ ಜೋಳದ್ದು. ಝುಣಕ ಕಡಲೆ ಹಿಟ್ಟಿನದು. ಹಿಂಡಿಯ ಮೇಲೆ ಹಾಕಿಕೊಳ್ಳುವ ಹಸಿ ಎಣ್ಣೆ ಕುಸುಬಿಯದು. ಅಗಸಿ ಹಿಂಡಿ ಅದೇ ಹೊಲದ್ದು. ಉಳ್ಳಾಗಡ್ಡಿ ಜೊತೆ ಹಸಿಯಾಗಿ ತಿನ್ನುವ ಹಕ್ಕರಿಕೆ ಸೊಪ್ಪು ಎರೆ ಹೊಲದಲ್ಲಿ ತಾನಾಗಿ ಹುಟ್ಟುವಂಥದು. ಪಲ್ಯದ ಹೆಸರುಕಾಳು, ಮಡಕೆಕಾಳು ಮುಂಗಾರಿನದು. ಜೋಳದ ಕಣಿಕೆ ತಿಂದ ಎಮ್ಮೆಯ ಹಾಲಿನಿಂದ ಮೊಸರು. ಬರ ಬಂದಾಗಲೂ ಮನೆ ಮಂದಿಯ ಮತ್ತು ದನಕರುಗಳ ಹೊಟ್ಟೆ ತುಂಬಿಸಬೇಕೆಂದು ತಲೆತಲಾಂತರದಿಂದ ಯೋಚಿಸಿ ಕಟ್ಟಿದ ಊಟ ಇದು. ರುಚಿ ಎಂಬುದು ಈ ಲೆಕ್ಕಾಚಾರದ ಒಳಗಿಂದಲೇ ಹುಟ್ಟಿದೆ.

ಬಡಿಯುವ ಕೈ

ಜೋಳದ ಹಿಟ್ಟಿಗೆ ಗೋದಿ ಹಿಟ್ಟಿನ ನಾರಿನಂಥ ಅಂಟು ಇಲ್ಲ. ತಣ್ಣೀರು ಹಾಕಿ ಕಲಸಿ ಲಟ್ಟಿಸಲು ಹೋದರೆ ಅಂಚು ಸೀಳುತ್ತದೆ. ಅದಕ್ಕೇ ಎಸರು ಬೇಕು. ಕುದಿಯುವ ನೀರನ್ನು ಹಿಟ್ಟಿನ ನಡುವಿನ ಗುಂಡಿಗೆ ಹೊಯ್ದಾಗ ಜೋಳದ ಪಿಷ್ಟದ ಒಂದು ಪಾಲು ಬೆಂದು ಜಿಗಿ ಬರುತ್ತದೆ. ಆ ಜಿಗಿ ಉಳಿದ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಹಿಟ್ಟು ಹಳೆಯದಾದರೆ ಈ ಗುಣ ಕಡಿಮೆಯಾಗುತ್ತದೆ. ಈ ಕಡೆಯ ಮನೆಗಳಲ್ಲಿ ತಿಂಗಳುಗಟ್ಟಲೆ ಹಿಟ್ಟು ಬೀಸಿ ಇಡದೆ ಆಗಾಗ ಗಿರಣಿಗೆ ಹೋಗಿ ಬರುವುದು ಇದಕ್ಕಾಗಿಯೇ.

ಖಾನಾವಳಿಯ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಒಂದು ಮುಟಿಗೆ ಹಿಟ್ಟನ್ನು ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದುತ್ತಾರೆ. ಉಂಡೆ ನುಣುಪಾದ ಮೇಲೆ ಒಣ ಹಿಟ್ಟು ಹರಡಿ, ಬಲಗೈಯಿಂದ ಬಡಿಯುತ್ತ ಬೆರಳಂಚಿನಿಂದ ತಿರುಗಿಸುತ್ತ ಹೋಗುತ್ತಾರೆ. ಪ್ರತಿ ಏಟಿಗೂ ರೊಟ್ಟಿ ಒಂದಿಷ್ಟು ಸುತ್ತುತ್ತದೆ, ಒಂದಿಷ್ಟು ಅಗಲವಾಗುತ್ತದೆ. ನಡುವೆ ದಪ್ಪ, ಅಂಚಿಗೆ ತೆಳು ಎಂಬುದೇ ಇಲ್ಲ. ಎರಡೂ ಕೈಯಲ್ಲಿ ಎತ್ತಿ ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲಿನ ಒಣ ಹಿಟ್ಟನ್ನು ಸವರಿ ತೆಗೆಯುತ್ತಾರೆ. ನೀರು ಆರುವ ಮೊದಲೇ ಮಗುಚಬೇಕು. ತಡವಾದರೆ ಮೇಲ್ಪದರ ಬಿರಿಯುತ್ತದೆ, ಅವಸರ ಮಾಡಿದರೆ ಹಂಚಿಗೆ ಹಿಡಿಯುತ್ತದೆ. ಸರಿಯಾದ ಹೊತ್ತಿಗೆ ಮಗುಚಿ, ಬೆಂಕಿಯ ಎದುರಿಗೆ ಹಿಡಿದರೆ ರೊಟ್ಟಿಯೊಳಗಿನ ತೇವ ಉಗಿಯಾಗಿ ಎರಡು ಪದರ ಬೇರೆಯಾಗಿ ಉಬ್ಬುತ್ತದೆ. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಅವ್ವನ ಪಕ್ಕ ಕುಳಿತ ಮಗಳು ಸಣ್ಣ ಉಂಡೆಯಿಂದ ಶುರುಮಾಡಿ ವರ್ಷಗಟ್ಟಲೆ ಬಡಿದು ಕಲಿಯುತ್ತಾಳೆ.

ಇದೇ ರೊಟ್ಟಿಯನ್ನು ಇನ್ನೂ ತೆಳುವಾಗಿ ಬಡಿದು, ಒಲೆಯ ಸುತ್ತ ನಿಲ್ಲಿಸಿ ತೇವವನ್ನೆಲ್ಲ ಆರಿಸಿದರೆ ಖಡಕ್ ರೊಟ್ಟಿ. ನೀರಿನಂಶ ಇಲ್ಲದ್ದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ. ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೊರಟವರ, ದುಡಿಯಲು ಪರ ಊರಿಗೆ ಹೋದವರ ಗಂಟಿನಲ್ಲಿ ಇರುತ್ತಿದ್ದದ್ದು ಇದೇ. ಇವತ್ತು ಬೆಂಗಳೂರಿನ ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವುದೂ ಇದೇ. ಖಡಕ್ ರೊಟ್ಟಿಯನ್ನು ಎಲ್ಲಿ ಬೇಕಾದರೂ ತಿನ್ನಬಹುದು. ಬಿಸಿ ರೊಟ್ಟಿಗೆ ಮಾತ್ರ ಇಲ್ಲಿಗೇ ಬರಬೇಕು. ಹಂಚಿನಿಂದ ಇಳಿದ ಕೆಲವೇ ನಿಮಿಷಗಳಲ್ಲಿ ಅದರ ಮೃದುತನ ಮುಗಿದುಹೋಗುತ್ತದೆ.

ಮೆಕ್ಸಿಕೊದಿಂದ ಬಂದ ಖಾರ

ಬಾದಾಮಿ ಚಾಲುಕ್ಯರ ಅಡುಗೆಮನೆಯಲ್ಲಿ ಇವತ್ತಿನ ಕೆಂಪು ಖಾರ ಇರಲಿಲ್ಲ. ಒಂದನೆಯ ಪುಲಕೇಶಿ 543ರಲ್ಲಿ ಇಲ್ಲಿನ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದಾಗಲೂ, ಮಂಗಲೇಶ 578ರಲ್ಲಿ ಮೂರನೆಯ ಗುಹೆಯನ್ನು ಮಾಡಿಸಿದಾಗಲೂ, 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿಯ ಶಾಸನ ಬರೆದಾಗಲೂ ಈ ನಾಡಿನಲ್ಲಿ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಮೆಣಸಿನಕಾಯಿಯನ್ನು ಮೊದಲು ಬೆಳೆದವರು ಮೆಕ್ಸಿಕೊ ಸೀಮೆಯ ಮೂಲನಿವಾಸಿಗಳು. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರ ಹಡಗುಗಳಲ್ಲಿ ಅದು ಪಶ್ಚಿಮ ಕರಾವಳಿಗೆ ಬಂತು. ಅಲ್ಲಿಂದ ಘಟ್ಟ ಹತ್ತಿ ಬಯಲುಸೀಮೆಗೆ ಬಂದು ಬ್ಯಾಡಗಿಯ ಹೆಸರನ್ನೇ ತನ್ನದಾಗಿಸಿಕೊಂಡಿತು.

ಮೆಣಸಿನಕಾಯಿ ಒಂದೇ ಬರಲಿಲ್ಲ. ಟೊಮೆಟೊ, ಗೋವಿನಜೋಳ ಅದೇ ಅಮೆರಿಕ ಖಂಡದಿಂದ ಬಂದವು. ಶೇಂಗಾ ದಕ್ಷಿಣ ಅಮೆರಿಕದ್ದು. ಇನ್ನು ಜೋಳದ ಮೂಲ ಆಫ್ರಿಕಾದ ಸುಡಾನ್ ಭಾಗ. ಗುರೆಳ್ಳು ಇಥಿಯೋಪಿಯಾದ್ದು. ಜೋಳ ಬಂದು ಸಾವಿರಾರು ವರ್ಷಗಳಾದವು, ಶೇಂಗಾ ಮೆಣಸಿನಕಾಯಿ ಬಂದು ಕೆಲವು ನೂರು ವರ್ಷಗಳು ಮಾತ್ರ. ಆದರೂ ಶೇಂಗಾ ಹಿಂಡಿ, ಕೆಂಪು ಖಾರ ಇಲ್ಲದ ರೊಟ್ಟಿ ಊಟವನ್ನು ಇವತ್ತು ಈ ಕಡೆಯವರು ಊಹಿಸಲಾರರು. ಹಣ್ಣು ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಹುಣಸೆ ಅಥವಾ ನಿಂಬೆಹುಳಿ ಸೇರಿಸಿ ರುಬ್ಬುವ ರಂಜಕಕ್ಕೆ ಮೊಸರು ಬೆರೆಸಿ ರೊಟ್ಟಿಗೆ ಹಚ್ಚಿ ತಿನ್ನುವಾಗ ನಾಲಿಗೆಗೆ ತಾಗುವುದು ಹಲವು ಖಂಡಗಳ ಕೂಡುವಿಕೆ.

ಮೆಕ್ಸಿಕೊದ ಟೋರ್ಟಿಯಾಕ್ಕೂ ನಮ್ಮ ರೊಟ್ಟಿಗೂ ಎದುರಾದ ತೊಡಕು ಒಂದೇ: ಅಂಟಿಲ್ಲದ ಧಾನ್ಯದಿಂದ ತೆಳುವಾದ ಹಾಳೆ ಮಾಡುವುದು ಹೇಗೆ? ಅಲ್ಲಿನವರು ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಿಸಿ, ತೊಳೆದು ರುಬ್ಬಿದರು. ಸುಣ್ಣದಿಂದ ಹಿಟ್ಟಿಗೆ ಹಿಡಿತ ಬಂತು, ಜೊತೆಗೆ ಕಾಳಿನಲ್ಲಿ ಅಡಗಿದ್ದ ನಯಾಸಿನ್ ಎಂಬ ಜೀವಸತ್ವವೂ ದೇಹಕ್ಕೆ ಸಿಗುವಂತಾಯಿತು. ನಮ್ಮವರು ಎಸರಿನಿಂದ ಕೆಲಸ ಸಾಧಿಸಿದರು, ಪೌಷ್ಟಿಕತೆಯ ಕೊರತೆಯನ್ನು ಕಾಳು, ಸೊಪ್ಪು, ಮೊಸರಿನಿಂದ ತುಂಬಿದರು. ಒಬ್ಬರನ್ನೊಬ್ಬರು ಕಂಡರಿಯದ ಎರಡು ನಾಡಿನ ಹೆಂಗಸರು ತಮ್ಮ ತಮ್ಮ ಒಲೆಯ ಮುಂದೆ ಕಂಡುಕೊಂಡ ಉತ್ತರಗಳಿವು.

ಖಾನಾವಳಿಯ ರೀತಿ ನೀತಿ

ಬನಶಂಕರಿಯ ಬುಟ್ಟಿ ಊಟ ಬಿಟ್ಟರೆ ಈ ಸೀಮೆಯ ನಿಜವಾದ ಊಟದ ಮನೆ ಖಾನಾವಳಿ. ಲಿಂಗಾಯತ ಖಾನಾವಳಿ, ಬಸವೇಶ್ವರ ಖಾನಾವಳಿ ಎಂಬ ಸಣ್ಣ ಬೋರ್ಡುಗಳು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲೋ ಮಾರುಕಟ್ಟೆಯ ಹತ್ತಿರವೋ ಕಾಣುತ್ತವೆ. ಹೆಚ್ಚಿನವನ್ನು ಒಂದೇ ಮನೆಯವರು ನಡೆಸುತ್ತಾರೆ. ಮುಂದೆ ನಾಲ್ಕು ಟೇಬಲ್ಲು, ಹಿಂದೆ ಒಲೆ.

ಇಲ್ಲಿ ಮೆನು ಕಾರ್ಡ್ ಕೇಳಬಾರದು. ಊಟ ಒಂದೇ. ಕುಳಿತ ಕೂಡಲೇ ಹಿಂಡಿ, ಉಪ್ಪಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಹಂಗಾಮಿನಲ್ಲಿ ಹಸಿ ಮೆಂತೆ ಸೊಪ್ಪು ಬರುತ್ತವೆ. ಆಮೇಲೆ ಒಂದು ರಸದ ಪಲ್ಯ, ಒಂದು ಒಣ ಪಲ್ಯ. ಎಣಗಾಯಿ, ಹೆಸರುಕಾಳು, ಪುಂಡಿ ಪಲ್ಯ, ಝುಣಕ ಇವುಗಳಲ್ಲಿ ಆ ದಿನ ಏನು ಮಾಡಿದ್ದಾರೋ ಅದು. ರೊಟ್ಟಿ ಬೇಕೋ ಚಪಾತಿ ಬೇಕೋ ಎಂದು ಕೇಳುತ್ತಾರೆ. ಬಿಸಿ ರೊಟ್ಟಿ ಎಂದರೆ ಹಂಚಿನಿಂದ ನೇರವಾಗಿ ತಟ್ಟೆಗೆ. ಕೊನೆಗೆ ಅನ್ನ, ಸಾರು, ಮಜ್ಜಿಗೆ ಅಥವಾ ಮೊಸರು. ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ?’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಉಣ್ಣುವುದಕ್ಕೂ ಒಂದು ಕ್ರಮವಿದೆ. ಮೊದಲ ರೊಟ್ಟಿ ಬಿಸಿಯಿರುವಾಗಲೇ ಎಣಗಾಯಿಯ ರಸದ ಜೊತೆ ಮುಗಿಸಬೇಕು. ಎರಡನೆಯದಕ್ಕೆ ಹಿಂಡಿಯ ಮೇಲೆ ಒಂದಿಷ್ಟು ಎಣ್ಣೆಯೋ ಮೊಸರೋ ಹಾಕಿಕೊಂಡು ಕಲಸಿಕೊಳ್ಳಬೇಕು. ಖಾರ ಏರಿದರೆ ನೀರು ಕುಡಿಯುವುದಕ್ಕಿಂತ ಮೊಸರು ತಿನ್ನುವುದು ಮೇಲು. ಮೆಣಸಿನಕಾಯಿಯ ಉರಿ ನೀರಿನಲ್ಲಿ ಕರಗುವುದಿಲ್ಲ, ಹಾಲಿನ ಕೊಬ್ಬು ಮತ್ತು ಪ್ರೋಟೀನು ಅದನ್ನು ಇಳಿಸುತ್ತವೆ.

ಮಾಂಸದೂಟ ಬೇಕಾದವರು ಸಾವಜಿ ಖಾನಾವಳಿ ಕೇಳಬೇಕು. ನೇಕಾರಿಕೆಯನ್ನು ನಂಬಿ ಬಾಳಿದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಅಡುಗೆ ಅದು. ಗುಳೇದಗುಡ್ಡ, ಇಳಕಲ್ಲಿನಂಥ ಮಗ್ಗದ ಊರುಗಳಲ್ಲಿ ಈ ಸಮಾಜದ ಬೇರುಗಳಿವೆ. ಕೆಂಪಗೆ ಉರಿಯುವ ಮಟನ್ ರಸ, ಖೀಮಾ ಉಂಡೆ, ಜೊತೆಗೆ ಅದೇ ಜೋಳದ ರೊಟ್ಟಿ.

ಒಂದೊಂದು ಊರಿಗೆ ಒಂದೊಂದು ರುಚಿ

ಬಾಗಲಕೋಟೆ ನೀರಿನಂಚಿನ ಊರು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರಿನ ಬಹುಭಾಗ ಮುಳುಗಿ ಜನ ನವನಗರಕ್ಕೆ ಬಂದರು. ಹೊಲ, ಮನೆ, ಓಣಿ ಕಳೆದುಕೊಂಡವರು ಒಲೆಯ ಪದ್ಧತಿಯನ್ನು ಕಳೆದುಕೊಳ್ಳಲಿಲ್ಲ. ನವನಗರದ ಅಗಲ ರಸ್ತೆಗಳ ಬದಿಯಲ್ಲೂ ಖಾನಾವಳಿಗಳು ಎದ್ದು ನಿಂತಿವೆ. ಇಲ್ಲಿಂದ ವಿಜಯಪುರದ ದಾರಿಯಲ್ಲಿ ಕೃಷ್ಣೆ ದಾಟಿದರೆ ಕೊಲ್ಹಾರ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಅಲ್ಲಿನ ಮೊಸರು ಎಲ್ಲೆಡೆ ಹೆಸರಾಗಿದೆ. ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಹೀರಿಕೊಳ್ಳುವುದರಿಂದ ಮೊಸರು ಗಟ್ಟಿಯಾಗಿ ನಿಲ್ಲುತ್ತದೆ.

ಬಾದಾಮಿಯಲ್ಲಿ ಚಳಿಗಾಲದುದ್ದಕ್ಕೂ ಶಿಲಾರೋಹಿಗಳ ಓಡಾಟ. ಇಲ್ಲಿನ ಕೆಂಪು ಮರಳುಗಲ್ಲು ಹತ್ತಲು ದೇಶ ವಿದೇಶದಿಂದ ತರುಣರು ಬರುತ್ತಾರೆ. ಮೈಮುರಿದು ಬಂಡೆ ಹತ್ತುವವರಿಗೆ ರೊಟ್ಟಿ, ಕಾಳುಪಲ್ಯ, ಮೊಸರಿಗಿಂತ ಒಳ್ಳೆಯ ಊಟ ಬೇರೆ ಇಲ್ಲ. ಬೆಳಗಿನ ತಿಂಡಿಗೆ ಒಗ್ಗರಣೆ ಹಾಕಿದ ಚುರುಮುರಿ ಸೂಸಲ, ಜೊತೆಗೆ ಮಿರ್ಚಿ ಬಜ್ಜಿ. ಸಂಜೆಗೆ ಗಿರ್ಮಿಟ್ಟು.

ಐಹೊಳೆಯಿಂದ ಹುನಗುಂದದ ಕಡೆ ಹೊರಟರೆ ಅಮೀನಗಡ ಸಿಗುತ್ತದೆ. ಕುರಿ ಸಂತೆಗೂ ಕರದಂಟಿಗೂ ಹೆಸರಾದ ಊರು. ಮರದ ಅಂಟನ್ನು ತುಪ್ಪದಲ್ಲಿ ಕರಿದಾಗ ಅದು ಅರಳಿಕೊಂಡು ಗರಿಗರಿಯಾಗುತ್ತದೆ. ಅದಕ್ಕೆ ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಸೇರಿಸಿ ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ಪಾಕದ ಹದ ತಪ್ಪಿದರೆ ಒಂದೋ ಕಲ್ಲಾಗುತ್ತದೆ, ಇಲ್ಲವೇ ಕೈಗೆ ಅಂಟುತ್ತದೆ. ಬಾಣಂತಿಯರಿಗೆ ಕೊಡುವ ಅಂಟಿನ ಉಂಡೆಯ ಬಳಗಕ್ಕೆ ಸೇರಿದ ಈ ಸಿಹಿ ಒಳ್ಳೆಯ ಬುತ್ತಿಯೂ ಹೌದು, ಬಹಳ ದಿನ ಇಡಬಹುದು.

ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುತ್ತಾರೆ. ಬಸವಣ್ಣನವರ ಐಕ್ಯಸ್ಥಳವಾದ ಇಲ್ಲಿ ಬಂದವರಿಗೆಲ್ಲ ದಾಸೋಹ. ಉಳ್ಳವರು ಇಲ್ಲದವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಪದ್ಧತಿ ಈ ಸೀಮೆಗೆ ಹನ್ನೆರಡನೆಯ ಶತಮಾನದ ಶರಣರು ಬಿಟ್ಟುಹೋದ ದೊಡ್ಡ ಆಸ್ತಿ. ಊಟವನ್ನು ಪ್ರಸಾದವೆಂದು ಕಾಣುವ, ತಟ್ಟೆಯಲ್ಲಿ ಅಗುಳೂ ಬಿಡದಂತೆ ಉಣ್ಣುವ ರೂಢಿಯ ಹಿಂದೆ ಈ ನಂಬಿಕೆಯಿದೆ.

ಇಳಕಲ್ಲಿನಲ್ಲಿ ಮಗ್ಗದ ಸಪ್ಪಳದ ನಡುವೆ ಊಟ. ಇಲ್ಲಿನ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸುವುದು ಅದರ ವಿಶೇಷ. ಸೆರಗಿನ ವಿನ್ಯಾಸಗಳಲ್ಲಿ ತೋಪುತೆನೆ ಎಂಬುದೊಂದಿದೆ, ಜೋಳದ ತೆನೆಯ ಆಕಾರ. ಎರೆ ಹೊಲದ ಜೋಳ ಇಲ್ಲಿ ತಟ್ಟೆಗೂ ಬಂದಿದೆ, ಸೆರಗಿಗೂ ಏರಿದೆ. ಸೀರೆ ಕೊಳ್ಳಲು ಬಂದವರು ನೇಕಾರರನ್ನೇ ಕೇಳಿದರೆ ಅವರು ತಾವು ಉಣ್ಣುವ ಖಾನಾವಳಿಗೆ ದಾರಿ ತೋರಿಸುತ್ತಾರೆ.

ಕಾಲ ನೋಡಿ ಬನ್ನಿ

ಗುಡಿಗಳು ವರ್ಷವಿಡೀ ಒಂದೇ ರೀತಿ ಇರುತ್ತವೆ, ಊಟ ಹಾಗಲ್ಲ. ಡಿಸೆಂಬರ್, ಜನವರಿಯಲ್ಲಿ ಬಂದರೆ ಹೊಲದಲ್ಲಿ ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲ ಕೊಬ್ಬರಿಯೊಂದಿಗೋ ಶೇಂಗಾ ಹಿಂಡಿಯೊಂದಿಗೋ ತಿನ್ನುತ್ತಾರೆ. ಕೆಲವೇ ವಾರಗಳ ಭಾಗ್ಯ ಅದು, ಕಾಳು ಬಲಿತರೆ ಮುಗಿಯಿತು.

ಎಳ್ಳಮಾವಾಸ್ಯೆಯಂದು ಮನೆಮಂದಿ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಬುತ್ತಿಯಲ್ಲಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ನಾಲ್ಕಾರು ಪಲ್ಯ. ಆ ದಿನ ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಿಸುವುದುಂಟು. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ.

ಪುಷ್ಯ ಮಾಸದಲ್ಲಿ ಬನದ ಹುಣ್ಣಿಮೆಯ ಸುತ್ತ ಬನಶಂಕರಿ ಜಾತ್ರೆ. ಶಾಕಂಭರಿ ಎಂಬ ಇನ್ನೊಂದು ಹೆಸರಿನ ಈ ದೇವಿಗೆ ಪಲ್ಯದ ಹಬ್ಬದಂದು 108 ಬಗೆಯ ತರಕಾರಿಗಳ ನೈವೇದ್ಯ ಸಲ್ಲುತ್ತದೆ. ಬರದ ಸೀಮೆಯೊಂದು ತನ್ನ ದೇವಿಯಲ್ಲಿ ಕಾಯಿಪಲ್ಯದ ಸಮೃದ್ಧಿಯನ್ನು ಕಾಣುತ್ತದೆ. ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಬೀಡುಬಿಡುತ್ತವೆ. ನಾಟಕ ನೋಡಲು ಬಂದವರ ಹಸಿವಿಗೆ ಮಿರ್ಚಿ, ಚುರುಮುರಿ, ರೊಟ್ಟಿ ರಾತ್ರಿಯಿಡೀ ಸಿಗುತ್ತವೆ.

ಹೊಲದಲ್ಲಿ ಕಡಿಮೆಯಾಗುತ್ತಿರುವ ಜೋಳ

ಈ ಊಟ ಹೀಗೇ ಇರುತ್ತದೆಂದು ಕೈಕಟ್ಟಿ ಕೂರುವಂತಿಲ್ಲ. ನೀರಾವರಿ ಬಂದ ಕಡೆ ಕಬ್ಬು ಬಂತು. ಮುಧೋಳ, ಜಮಖಂಡಿಯ ಕಡೆ ಸಕ್ಕರೆ ಕಾರ್ಖಾನೆಗಳು ಎದ್ದವು. ಒಣಭೂಮಿಯಲ್ಲೂ ಮಾರಿದ ಕೂಡಲೇ ಹಣ ಕೈಗೆ ಬರುವ ಕಡಲೆ, ತೊಗರಿ, ಗೋವಿನಜೋಳಗಳಿಗೆ ರೈತರು ಒಲಿದಿದ್ದಾರೆ. ಗೋವಿನಜೋಳದ ಬಹುಪಾಲು ಕೋಳಿ ಮತ್ತು ದನದ ಮೇವಿಗೆ ಹೋಗುತ್ತದೆ, ಊರಿನ ತಟ್ಟೆಗೆ ಬರುವುದಿಲ್ಲ. ಬಿಳಿಜೋಳಕ್ಕೆ ಕೂಲಿ ಹೆಚ್ಚು. ಕಿತ್ತು, ತೆನೆ ಮುರಿದು, ರಾಶಿ ಮಾಡಲು ಆಳು ಸಿಗುವುದಿಲ್ಲ. ಪಡಿತರದ ಅಕ್ಕಿ ಮನೆಗೆ ಬಂದ ಮೇಲೆ ದಿನಾ ಮೂರು ಹೊತ್ತು ರೊಟ್ಟಿ ಬಡಿಯುವ ಮನೆಗಳೂ ಕಡಿಮೆಯಾದವು.

ಇನ್ನೊಂದು ಕಡೆ ಆಶೆಯ ಸಂಗತಿಯೂ ಇದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಜೋಳದ ಹೆಸರು ಮತ್ತೆ ಮಾತಿಗೆ ಬಂತು. ಈ ಜಿಲ್ಲೆಯ ಎಷ್ಟೋ ಹೆಂಗಸರು ಮನೆಯಲ್ಲೇ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸುತ್ತಿದ್ದಾರೆ. ಮದುವೆ, ಸಭೆ ಸಮಾರಂಭಗಳಿಗೆ ಸಾವಿರಗಟ್ಟಲೆ ರೊಟ್ಟಿಯ ಆರ್ಡರ್ ಹಿಡಿಯುವ ಗುಂಪುಗಳಿವೆ. ರೊಟ್ಟಿ ಒತ್ತುವ ಯಂತ್ರಗಳೂ ಬಂದಿವೆ. ಯಂತ್ರದಿಂದ ಭುಜ ನೋವು ತಪ್ಪುವುದಾದರೆ ಅದನ್ನು ಹಳಿಯಬೇಕಿಲ್ಲ. ಜೋಳ ಕೊಳ್ಳುವವರು ಇದ್ದರೆ ಬೆಳೆಯುವವರು ಇರುತ್ತಾರೆ, ಕೈ ರೊಟ್ಟಿಗೆ ಸರಿಯಾದ ಬೆಲೆ ಸಿಕ್ಕರೆ ಬಡಿಯುವವರೂ ಇರುತ್ತಾರೆ. ಪ್ರವಾಸಿ ಕೊಡುವ ಊಟದ ಹಣ ಇಲ್ಲಿ ನೇರವಾಗಿ ಒಲೆಯ ಮುಂದಿನ ಹೆಣ್ಣಿಗೆ, ಅವಳಿಂದ ಎರೆ ಹೊಲಕ್ಕೆ ತಲುಪುತ್ತದೆ.

ಪ್ರವಾಸಿಗೆ ನಾಲ್ಕು ಮಾತು

ಮಧ್ಯಾಹ್ನದ ಊಟವನ್ನು ಖಾನಾವಳಿಯಲ್ಲಿಯೇ ಮಾಡಿ. 12ರಿಂದ 2ರ ನಡುವೆ ಒಲೆ ಉರಿಯುತ್ತಿರುತ್ತದೆ, ರೊಟ್ಟಿ ಬಿಸಿಯಿರುತ್ತದೆ. ಪಟ್ಟದಕಲ್ಲು, ಐಹೊಳೆ ನೋಡುವ ದಿನ ಬೆಳಿಗ್ಗೆ ಬೇಗ ಹೊರಟು, ಊಟದ ಹೊತ್ತಿಗೆ ಬನಶಂಕರಿಗೋ ಅಮೀನಗಡಕ್ಕೋ ತಲುಪುವಂತೆ ದಾರಿ ಹಾಕಿಕೊಳ್ಳಿ.

ಒಳ್ಳೆಯ ಹೋಟೆಲ್ ಯಾವುದು ಎಂದು ಕೇಳಬೇಡಿ. ಹಾಗೆ ಕೇಳಿದರೆ ನಿಮ್ಮ ಬಟ್ಟೆ, ಕಾರು ನೋಡಿ ದೊಡ್ಡ ಬೋರ್ಡಿನ ಕಡೆ ಕೈ ತೋರಿಸುತ್ತಾರೆ. ‘ನೀವು ಎಲ್ಲಿ ಉಣ್ತೀರಿ?’ ಎಂದು ಕೇಳಿ. ಕಂಡಕ್ಟರ್, ಅಂಗಡಿಯವರು, ಗುಡಿಯ ಕಾವಲುಗಾರರು ಕೊಡುವ ಉತ್ತರ ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ.

ಬುಟ್ಟಿ ಊಟದ ಹೆಂಗಸರ ಜೊತೆ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ಕೋಳಿ ಕೂಗುವ ಮೊದಲೇ ಎದ್ದು ಒಲೆ ಹೊತ್ತಿಸಿ, ಅಷ್ಟೂ ರೊಟ್ಟಿ ಬಡಿದು, ಪಲ್ಯ ಕುದಿಸಿ, ಮೊಸರಿನ ಕುಡಿಕೆಗಳನ್ನು ಜೋಪಾನ ಮಾಡಿ, ತಲೆಯ ಮೇಲೆ ಹೊತ್ತು ತಂದ ಊಟ ಅದು. ಎಷ್ಟು ಉಣ್ಣುತ್ತೀರೋ ಅಷ್ಟೇ ಹಾಕಿಸಿಕೊಳ್ಳಿ, ಹಾಕಿಸಿಕೊಂಡದ್ದನ್ನು ಬಿಡಬೇಡಿ.

ಮನೆಗೆ ಮರಳುವಾಗ ಖಡಕ್ ರೊಟ್ಟಿಯ ಒಂದು ಕಟ್ಟು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಸಾಧ್ಯವಾದರೆ ಒಂದೆರಡು ಕಿಲೋ ಬಿಳಿಜೋಳ ಕೊಂಡು ಹೋಗಿ. ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಉಣಿಸಿ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಕಲ್ಲನ್ನು ಕಾಯಲು ಸರ್ಕಾರದ ಇಲಾಖೆಯಿದೆ, ಬೇಲಿಯಿದೆ, ಕಾವಲುಗಾರರಿದ್ದಾರೆ. ಈ ಊಟವನ್ನು ಕಾಯಲು ಉಣ್ಣುವವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಮುಂದಿನ ಸಲ ಈ ಕಡೆ ಬಂದಾಗ ಒಂದು ಹೊತ್ತಾದರೂ ರೊಟ್ಟಿ ಊಟ ಮಾಡಿ ಹೋಗಿ.